ಕನ್ನಡಿ ನೆಲದ ರೂಪಾಯಿ

ಬೆಟಗೇರಿ
11 ಡಿಸೆಂಬರ್ 2024, ಬುಧವಾರ

ಗೆಳೆಯ ದೇವೇಂದ್ರಪ್ಪನಿಗೆ,

ಖಾಸಿಂನ ಸಲಾಂ. ನಾವು ಇಲ್ಲಿ ಆರಾಮ ಇದ್ದೇವೆ. ನೀನು, ಅನ್ನಪೂರ್ಣವ್ವ, ಕೊಟ್ರೇಶ, ಅವನ ಹೆಂಡತಿ, ಮೊಮ್ಮಗಳು ಐಶ್ವರ್ಯಾ ಎಲ್ಲರೂ ಕ್ಷೇಮವಾಗಿದ್ದೀರೆಂದು ತಿಳಿದು ಬರೆಯುತ್ತಿದ್ದೇನೆ. ದಸರೆಯಲ್ಲಿ ನೀನು ಬರೆದ ಕಾಗದ ನನ್ನ ಮೇಜಿನ ಖಾನೆಯಲ್ಲೇ ಇದೆ. ಎರಡು ತಿಂಗಳು ಉತ್ತರ ಬರೆಯದಿದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಇನ್ನೊಂದಕ್ಕೂ ಕೇಳಬೇಕು. ಈ ಎರಡು ತಿಂಗಳಲ್ಲಿ ಮುಂಡರಗಿ ಸಂತೆಗೆ ಐದು ಸಲ ಬಂದೆ, ಒಮ್ಮೆಯೂ ನಿನ್ನ ಮನೆಗೆ ಬರಲಿಲ್ಲ. ಒಂದು ಸಲ ನಿಮ್ಮ ಓಣಿಯ ತುದಿಯ ತನಕ ಬಂದು ಹೊರಳಿ ಹೋದೆ. ಹಿಂದಿನ ವಾರ ಕೊಟ್ರೇಶ ಫೋನ್ ಮಾಡಿ, ನಾನು ಸಂತೆಯಲ್ಲಿ ಕುಳಿತಿದ್ದನ್ನು ಯಾರೋ ಹೇಳಿದರೆಂದೂ ನೀನು ನನ್ನ ದಾರಿ ನೋಡುತ್ತ ಊಟ ಮಾಡದೆ ಕುಳಿತಿದ್ದೆಯೆಂದೂ ತಿಳಿಸಿದ. ನಾನು ಬಸ್ಸಿನ ನೆವ ಹೇಳಿದೆ. ಬಸ್ಸು ಇತ್ತು.

ನಮ್ಮ ಮನೆಯಾಕೆ ರಸೂಲಬಿಯ ಮೊಣಕಾಲು ನೋವು ಹಾಗೇ ಇದೆ. ಮೊಮ್ಮಗಳು ರುಹಿ ನಾಗಾವಿಯ ವಿಶ್ವವಿದ್ಯಾಲಯಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮನೆಯ ಸುದ್ದಿ ಇಷ್ಟೇ.

ಈ ಕಾಗದದ ಜೊತೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇದೆ. ಅದರಲ್ಲಿ ಒಂದು ರೂಪಾಯಿಯ ನಾಣ್ಯವಿದೆ. ಕಾಗದ ಪೂರ್ತಿ ಓದುವ ತನಕ ಡಬ್ಬಿ ತೆರೆಯಬೇಡ. ತೆರೆದರೂ ನಾಣ್ಯದ ಅಂಚು ಹಿಡಿ, ಮೈ ಮುಟ್ಟಬೇಡ. ಅನ್ನಪೂರ್ಣವ್ವನ ಕೈಗೆ ಈಗಲೇ ಕೊಡಬೇಡ. ಅವಳು ಅದನ್ನು ದೇವರ ಜಗುಲಿಯ ಮೇಲಿಟ್ಟು, ಹಬ್ಬ ಬಂದಾಗ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿಬಿಡುತ್ತಾಳೆ. ನಮ್ಮ ಕಡೆ ಯಾವ ಹೆಣ್ಣುಮಗಳೂ ದೇವರ ಮುಂದಿನ ಬೆಳ್ಳಿಯನ್ನಾಗಲಿ ನಾಣ್ಯವನ್ನಾಗಲಿ ಮಬ್ಬಾಗಲು ಬಿಡುವುದಿಲ್ಲ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ಕಿವಿಗೆ ಬೀಳಬೇಕೆಂದರೆ ಕೂಗಬೇಕು. ಇದು ಕೂಗಿ ಹೇಳುವ ಮಾತಲ್ಲ. ಕೊಟ್ರೇಶನ ಬೀಜದ ಅಂಗಡಿಗೆ ಬಂದ ಗಿರಾಕಿಗಳೆಲ್ಲ ಕೇಳುತ್ತಾರೆ. ನಿನಗೆ ಗೊತ್ತಿರುವುದನ್ನೂ ಕೆಲವು ಕಡೆ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮುಂದೆ ಈ ಕಾಗದವನ್ನು ಬೇರೆಯವರೂ ಓದಬೇಕಾಗಬಹುದು.

ಇದು ಆಗಸ್ಟ್ ತಿಂಗಳಲ್ಲಿ ಲಕ್ಷ್ಮೇಶ್ವರದಲ್ಲಿ ಶುರುವಾಯಿತು. ಈಗ ಕೈಗಡಿಯಾರ ರಿಪೇರಿಗೆ ಬರುವವರಿಲ್ಲ. ಬಂದವರು ಸೆಲ್ ಹಾಕಿಸಿಕೊಂಡು ಹೋಗುತ್ತಾರೆ. ಅದಕ್ಕೇ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸಂತೆಗಳಲ್ಲಿ ನಾನು ಕೆಂಪು ಅರಿವೆ ಹಾಸಿ, ಹಳೆ ನಾಣ್ಯ ಹರವಿಕೊಂಡು ಕೂಡುತ್ತೇನೆ. ಯಾರ ಕೈಗೆ ವಿಚಿತ್ರ ನಾಣ್ಯ ಸಿಕ್ಕರೂ ನನ್ನ ಹತ್ತಿರ ತರುತ್ತಾರೆ. ಅಂದು ಜಿಟಿಜಿಟಿ ಮಳೆ ಇತ್ತು. ಪೇರಲ ಹಣ್ಣು ಮಾರುವ ಮಲಂಗಸಾಬ ಒಂದು ಎಂಟಾಣೆ ತಂದು ಕೈಗಿಟ್ಟ. ನಾಣ್ಯ ಒದ್ದೆಯಾಗಿತ್ತು. ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಹಣ್ಣು ತೆಗೆದುಕೊಳ್ಳಲಿಲ್ಲವಂತೆ, ಮಾತಾಡಲಿಲ್ಲವಂತೆ, ಹಣ್ಣಿನ ರಾಶಿಯ ಮೇಲೆ ಇದನ್ನಿಟ್ಟು ಹೋದಳಂತೆ.

"ಎಂಟಾಣೆ ಈಗ ಭಿಕ್ಷಾ ಬೇಡವ್ರೂ ತಗೊಳ್ಳೂದಿಲ್ರಿ. ಹೊಸಾದ ಕಂಡಂಗ ಕಂಡತು, ಅದಕ್ಕ ನಿಮ್ಮ ಕಡೆ ತಂದೆ," ಎಂದ.

ಭೂತಗನ್ನಡಿ ಕಣ್ಣಿಗೆ ಹಿಡಿದೆ. ಅದು ಪ್ರೂಫ್ ನಾಣ್ಯವಾಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಬರೆಯಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಜನರ ಕೈಯಲ್ಲಿ ಓಡಾಡುವ ನಾಣ್ಯವನ್ನು ಟಂಕಸಾಲೆಯಲ್ಲಿ ಅಚ್ಚು ಒಂದೇ ಸಲ ಒತ್ತಿ ಚೀಲಕ್ಕೆ ಕೆಡವುತ್ತದೆ. ಒಂದರ ಮೇಲೊಂದು ಬಿದ್ದು ಗೀರು ಬೀಳುತ್ತವೆ. ಹೊಸದಿದ್ದಾಗ ಓರೆ ಮಾಡಿದರೆ ಬೆಳಕು ಗಾಲಿಯ ಹಾಗೆ ಸುತ್ತುತ್ತದೆ, ಅಷ್ಟೇ. ಪ್ರೂಫ್ ನಾಣ್ಯ ಸಂಗ್ರಹ ಮಾಡುವವರಿಗಾಗಿ ಮಾಡಿದ್ದು. ಇನ್ನೂ ಅಚ್ಚೊತ್ತದ ಖಾಲಿ ಬಿಲ್ಲೆಗೂ ಅಚ್ಚಿಗೂ ಹೊಳಪು ಕೊಟ್ಟು, ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಅದರ ನೆಲ, ಅಂದರೆ ಚಿತ್ರ ಅಕ್ಷರಗಳಿಲ್ಲದ ಖಾಲಿ ಜಾಗ, ಕನ್ನಡಿಯ ಹಾಗೆ, ನೋಡಿದವನ ಮುಖ ಕಾಣಿಸುತ್ತದೆ. ಸಿಂಹ, ಅಕ್ಷರಗಳು ಮಾತ್ರ ಹಿಟ್ಟು ಉದುರಿಸಿದ ಹಾಗೆ ಬಿಳಿ ಮಬ್ಬು. ಅಕ್ಷರದ ಅಂಚು ಉಳಿಯಿಂದ ಕಡಿದಂತೆ ನೆಟ್ಟಗಿರುತ್ತದೆ, ನಾಣ್ಯದ ಸುತ್ತಲಿನ ಅಂಚು ಬೆರಳಿಗೆ ಹತ್ತುವಷ್ಟು ಚೌಕವಾಗಿರುತ್ತದೆ. ಡಬ್ಬಿಯಿಂದ ತೆಗೆದು ಕಿಸೆಗೆ ಹಾಕಿಕೊಂಡರೆ ಎರಡು ಮೂರು ದಿನದಲ್ಲಿ ಆ ಕನ್ನಡಿ ಕೆಡುತ್ತದೆ.

ಮಲಂಗಸಾಬನ ಎಂಟಾಣೆಯ ಮೇಲೆ ಒಂದೂ ಗೀರು ಇರಲಿಲ್ಲ. ಐವತ್ತು ವರ್ಷದ ಹಿಂದಿನ ನಾಣ್ಯ ಡಬ್ಬಿಯಿಂದ ಹೊರಗೆ ಬಂದದ್ದು ಅಂದೇ, ಇಲ್ಲವೆ ಹಿಂದಿನ ದಿನ.

ಅದರ ಇಸವಿ ನೋಡಿದೆ. ದೇವೇಂದ್ರಾ, ಅದು ನಾನು ನಿನ್ನ ಮಗಳು ಸ್ನೇಹಾಳಿಗೆ ಕೊಟ್ಟ ಪೆಟ್ಟಿಗೆಯ ಇಸವಿ.

ಮುಳಗುಂದದ ನಿವೃತ್ತ ಪೋಸ್ಟ್ ಮಾಸ್ತರರ ಮನೆಯಿಂದ ನಾನು ಕೊಂಡು ತಂದ ನೀಲಿ ಪೆಟ್ಟಿಗೆ ನಿನಗೆ ನೆನಪಿರಬೇಕು. ಒಂದು ಪೈಸೆಯಿಂದ ಬೆಳ್ಳಿಯ ಹತ್ತು ರೂಪಾಯಿಯವರೆಗೆ ಎಲ್ಲವೂ ಪ್ರೂಫ್. ಎಸ್ಸೆಸ್ಸೆಲ್ಸಿ ಪಾಸಾದಾಗ ಅವಳಿಗೆ ಕೊಟ್ಟೆ. ಅಷ್ಟು ಬೆಲೆಯದು ಹುಡುಗಿಗೆ ಯಾಕೆಂದು ನೀನು ಬೈದಿದ್ದೆ. ನೀವಿನ್ನೂ ಬೆಟಗೇರಿಯಲ್ಲಿದ್ದಾಗ, ಶಾಲೆ ಬಿಟ್ಟ ಮೇಲೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ನಾಣ್ಯ ನೋಡುವುದನ್ನು ನನಗಿಂತ ಚೆನ್ನಾಗಿ ಕಲಿತವಳು ಅವಳು. ಕಣ್ಣು ಮುಚ್ಚಿ ಬರೀ ಅಂಚು ಮುಟ್ಟಿ ಹೇಳುತ್ತಿದ್ದಳು. ಒಮ್ಮೆ ಅವಳು, "ಕಾಕಾ, ಸಂತಿ ನಾಣ್ಯ ಮಿಂಚತಾವ. ಇವು ನಮ್ಮನ್ನ ನೋಡತಾವ," ಎಂದಿದ್ದಳು. ನಾನು ನಕ್ಕಿದ್ದೆ.

ಆ ಇಸವಿಯ ಪೆಟ್ಟಿಗೆ ಅದೊಂದೇ ಅಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹುಬ್ಬಳ್ಳಿಯ ಇಬ್ಬರು ನಾಣ್ಯದ ವ್ಯಾಪಾರಿಗಳಿಗೆ ಫೋನ್ ಮಾಡಿ, ಅಂಥ ಪೆಟ್ಟಿಗೆ ಕಳುವಾದ ಸುದ್ದಿ ಇದೆಯೇ ಎಂದು ಕೇಳಿದೆ. ಇಲ್ಲವೆಂದರು. ಎಂಟಾಣೆಯನ್ನು ಡಬ್ಬಿಗೆ ಹಾಕಿ ಇಟ್ಟೆ.

ಎರಡನೆಯದು ಸೆಪ್ಟೆಂಬರಿನಲ್ಲಿ, ಶಿರಹಟ್ಟಿಯಲ್ಲಿ ಬಂತು. ಹೂ ಮಾರುವ ಬೀರವ್ವನ ಬುಟ್ಟಿಯಲ್ಲಿ, ಸೇವಂತಿಗೆಯ ನಡುವೆ ಒಂದು ನಾಲ್ಕಾಣೆ ಸಿಕ್ಕಿತ್ತು. ನಾಲ್ಕಾಣೆ ರದ್ದಾಗಿ ಎಷ್ಟೋ ವರ್ಷವಾಯಿತು. ಅದೂ ಒದ್ದೆಯಾಗಿತ್ತು, ಆದರೆ ಬೀರವ್ವ ಹೂವಿಗೆ ನೀರು ಚಿಮುಕಿಸುತ್ತಲೇ ಇರುತ್ತಾಳೆ. ಅದೇ ಇಸವಿ. ನೆಲದಲ್ಲಿ ನನ್ನ ಗಡ್ಡದ ಒಂದೊಂದು ಕೂದಲೂ ಕಂಡಿತು. ಯಾರು ಹಾಕಿದರೆಂದು ಕೇಳಿದೆ.

"ಮುಖಾ ನೋಡಲಿಲ್ರಿ ಯಜಮಾನ್ರ. ಹೂ ಕಟ್ಟಾಕತ್ತಿದ್ನಿ. ಒಂದು ಕೈ ಬಂತು, ಹ್ವಾತು. ಬಳಿ ಇದ್ದಿದ್ದಿಲ್ಲ. ನನ್ನ ಕೈಗೆ ತಾಗಿತು ನೋಡ್ರಿ, ಬಾವಿ ನೀರಿನಂಗ ತಣ್ಣಗಿತ್ತು," ಎಂದಳು ಬೀರವ್ವ. ಆಮೇಲೆ ನನ್ನ ಮುಖ ನೋಡಿ, "ಯಾಕ್ರಿ, ಹೆದರಿಕಿ ಬಂತೇನು? ಇಷ್ಟ ವಯಸ್ಸಾಗೇತಿ," ಎಂದು ಚೇಷ್ಟೆ ಮಾಡಿದಳು.

ನಾನು ದೆವ್ವ ನಂಬುವವನಲ್ಲ. ಐವತ್ತು ವರ್ಷದಿಂದ ದಿನಾ ಪೇಪರು ಓದುತ್ತೇನೆ. ಹೂವಿನ ಬುಟ್ಟಿಯ ಹತ್ತಿರ ಕೈ ತಣ್ಣಗಿರುವುದು ಸಹಜ. ಆದರೂ ಅಂದು ಸಂತೆಯಿಂದ ಬರುವಾಗ ಬಸ್ಸಿನಲ್ಲಿ ಕಿಟಕಿಯ ಗಾಜು ನೋಡಲಾಗದೆ ಈ ಕಡೆಯ ಸೀಟಿಗೆ ಬಂದು ಕುಳಿತೆ.

ಮೂರನೆಯದು ನಿನ್ನ ಊರಿನಲ್ಲೇ. ಅಕ್ಟೋಬರ್ ಕೊನೆಯ ವಾರ, ಮುಂಡರಗಿ ಸಂತೆ, ಒಣ ಬಿಸಿಲು. ಮಧ್ಯಾಹ್ನ ಚಹಾಕ್ಕೆ ಎದ್ದೆ. ಪಕ್ಕದಲ್ಲಿ ಕೀಲಿ ಮಾಡುವ ಮರ್ದಾನಸಾಬನಿಗೆ ನೋಡಿಕೊಳ್ಳಲು ಹೇಳಿ ಹೋದೆ. ಹತ್ತು ನಿಮಿಷಕ್ಕೆ ತಿರುಗಿ ಬಂದು ಕೂಡುವಾಗ, ನನ್ನ ಹಳೆ ರೂಪಾಯಿಗಳ ರಾಶಿಯಿಂದ ಏನೋ ನನ್ನ ಕಡೆ ನೋಡಿದಂತಾಯಿತು. ನಲವತ್ತು ಐವತ್ತು ಸವೆದ ರೂಪಾಯಿಗಳು, ಅವುಗಳ ನಡುವೆ ಒಂದರ ನೆಲ ಕಪ್ಪು ನೀರಿನ ಹಾಗಿತ್ತು. ಕನ್ನಡಿ ನೆಲದ ಮೇಲೆ ಬೆಳಕು ನೇರ ಬೀಳದಿದ್ದಾಗ ಅದು ಹೊಳೆಯುವುದಿಲ್ಲ, ಕಪ್ಪಗೆ ಕಾಣುತ್ತದೆ. ಅಂಚು ಹಿಡಿದು ಎತ್ತಿದೆ. ಅದರ ಕೆಳಗೆ ನನ್ನ ಕೆಂಪು ಅರಿವೆಯ ಮೇಲೆ ಉಂಗುರದಷ್ಟು ಒದ್ದೆ ಇತ್ತು. ಮಳೆ ಇರಲಿಲ್ಲ. ಹೂವಿನವರು ಹತ್ತಿರ ಇರಲಿಲ್ಲ. ಇದಕ್ಕೆ ಕಾರಣ ಇವತ್ತಿಗೂ ನನಗೆ ತಿಳಿದಿಲ್ಲ. ತಿಳಿದಿಲ್ಲ ಎಂದೇ ಬರೆಯುತ್ತೇನೆ.

ಮರ್ದಾನಸಾಬನನ್ನು ಕೇಳಿದೆ. ಯಾರೂ ಏನೂ ಕೊಳ್ಳಲಿಲ್ಲ ಎಂದ. ಮತ್ತೆ ಕೇಳಿದಾಗ ಸ್ವಲ್ಪ ಯೋಚಿಸಿ, "ಒಬ್ಬಾಕಿ ನಿಂತಿದ್ದಳು ಮಾಮಾ. ಹಸರ ಸೀರಿ. ಬಗ್ಗಿ ನೋಡಿದಳು. ನಾಣ್ಯ ನೋಡಲಿಲ್ಲ, ನೀವು ಕುಂಡ್ರೂ ಜಾಗಾ ನೋಡಿದಳು," ಎಂದ.

ಸಂತೆಯಲ್ಲಿ ಹಸಿರು ಸೀರೆ ಉಟ್ಟವರು ನೂರು ಮಂದಿ ಇದ್ದರು. ಎಣಿಸುವ ಹಾಗೆ ಎಲ್ಲರ ಕಡೆ ನೋಡಿದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಅಂದೇ ನಾನು ನಿಮ್ಮ ಓಣಿಯ ತುದಿಯ ತನಕ ಬಂದದ್ದು.

ಮನೆಗೆ ಬಂದು ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿದಾಗ ಸಿಂಹದ ಪಕ್ಕದ ಖಾಲಿ ಕನ್ನಡಿಯ ಮೇಲೆ ಉಸಿರು ಹಾಕಿದಂಥ ಒಂದು ಮಬ್ಬು ಕಂಡಿತು. ಹೆಬ್ಬೆಟ್ಟು. ಎತ್ತಿಕೊಳ್ಳುವಾಗ ಕೈತಪ್ಪಿ ತಾಗಿದ ಹಾಗಿರಲಿಲ್ಲ. ನಡುವೆ, ನೆಟ್ಟಗೆ, ಬಲ ಕೊಟ್ಟು ಒತ್ತಿದ್ದು. ಪ್ರೂಫ್ ನಾಣ್ಯದ ಮೇಲೆ ಬೆರಳು ಒತ್ತಿದರೆ ಮೊದಲು ಕಾಣುವುದೇ ಇಲ್ಲವೆನ್ನುವಷ್ಟು ಕಡಿಮೆ. ಆಮೇಲೆ ಬೆರಳಿನ ಎಣ್ಣೆ, ಬೆವರು ಲೋಹವನ್ನು ತಿನ್ನತೊಡಗುತ್ತವೆ. ಕೆಲವು ವಾರಗಳಲ್ಲಿ ಗೆರೆಗೆರೆಯಾಗಿ ಕಂದು ಬಣ್ಣ ಏಳುತ್ತದೆ. ಮತ್ತೆ ಹೋಗುವುದಿಲ್ಲ. ನಾನು ಅದನ್ನು ಒರೆಸಲಿಲ್ಲ. ಡಬ್ಬಿಗೆ ಹಾಕಿ, ದಿನಾ ಬೆಳಿಗ್ಗೆ ಅಂಗಡಿ ತೆರೆದಾಗ ಒಮ್ಮೆ ನೋಡುತ್ತ ಬಂದೆ. ನಾಲ್ಕನೇ ವಾರ ಗೆರೆಗಳು ಎದ್ದವು. ನೀರೊಳಗಿಂದ ಯಾರೋ ಮೇಲೆ ಬರುವ ಹಾಗೆ ದಿನಕ್ಕಿಷ್ಟು ಎದ್ದವು. ಇವತ್ತಿಗೆ ಪೂರ್ತಿ ಬಂದಿದೆ.

ಇನ್ನು ನೀನು ಗಟ್ಟಿ ಮನಸ್ಸು ಮಾಡಿ ಓದಬೇಕು.

ಸ್ನೇಹಾ ಹನ್ನೊಂದು ವರ್ಷದವಳಿದ್ದಾಗ ನನ್ನದೊಂದು ಪ್ರೂಫ್ ಎರಡು ರೂಪಾಯಿಯ ಮೈ ಮೇಲೆ ಹೆಬ್ಬೆಟ್ಟು ಒತ್ತಿಬಿಟ್ಟಿದ್ದಳು. ನಾನು ಜೋರಾಗಿ ಬೈದೆ, ಅತ್ತಳು. ನಾಣ್ಯ ಕೆಟ್ಟಿತು, ಆದರೆ ಎಸೆಯಲಿಲ್ಲ. ಈಗ ಅದನ್ನು ತೆಗೆದು ಸಂತೆಯಲ್ಲಿ ಸಿಕ್ಕ ಈ ರೂಪಾಯಿಯ ಪಕ್ಕ ಇಟ್ಟೆ. ರುಹಿ ತನ್ನ ಫೋನಿನಲ್ಲಿ ಎರಡರ ಚಿತ್ರ ತೆಗೆದು ದೊಡ್ಡದು ಮಾಡಿ ಕೊಟ್ಟಳು. ಯಾರದೆಂದು ಅವಳಿಗೆ ಹೇಳಲಿಲ್ಲ. ಹೆಬ್ಬೆಟ್ಟು ಒಂದು ಚಿಕ್ಕದು, ಒಂದು ದೊಡ್ಡದು. ಸುಳಿ ಒಂದೇ ಕಡೆ ಹೊರಳುತ್ತದೆ. ಸುಳಿಯ ಕೆಳಗೆ ಎರಡು ಗೆರೆ ಕೂಡಿ ಒಂದಾಗುವ ಜಾಗ ಎರಡರಲ್ಲೂ ಇದೆ. ಹೊಸದರಲ್ಲಿ ಮಾತ್ರ ಎಡದಿಂದ ಬಲಕ್ಕೆ ಒಂದು ಬಿಳಿ ಗೆರೆ ಅಡ್ಡ ಹಾದಿದೆ. ಹದಿನೈದನೇ ವಯಸ್ಸಿನಲ್ಲಿ ಗಡಿಯಾರದ ಸ್ಪ್ರಿಂಗ್ ಬಿಚ್ಚುವಾಗ ಅದು ಚಿಮ್ಮಿ ಅವಳ ಹೆಬ್ಬೆರಳು ಹರಿದಿತ್ತು. ಅರಿಶಿಣ ಹಾಕಿ ಕಟ್ಟಿದವನು ನಾನೇ.

ನಾನು ಬೆರಳಚ್ಚಿನ ತಜ್ಞನಲ್ಲ. ಇದನ್ನು ಬಲ್ಲವರು ನೋಡಬೇಕು. ಆದರೆ ಒಂದು ಮಾತು ಖಚಿತ. ಬೆವರಿಲ್ಲದ ಬೆರಳು ಲೋಹವನ್ನು ತಿನ್ನುವುದಿಲ್ಲ. ಸತ್ತವರಿಗೆ ಬೆವರಿಲ್ಲ.

(ಇಲ್ಲಿಗೆ ನಿನ್ನೆ ನಿಲ್ಲಿಸಿದೆ. ಇವತ್ತು ಗುರುವಾರ ಬೆಳಿಗ್ಗೆ ಮುಂದುವರಿಸುತ್ತಿದ್ದೇನೆ.)

ಹಾಗಾದರೆ ನಾವು ಮಣ್ಣು ಕೊಟ್ಟದ್ದು ಯಾರಿಗೆ ಎಂದು ನೀನು ಕೇಳುತ್ತೀಯ.

2004ರ ಜೂನ್ 7, ಸೋಮವಾರ. ಹೆಣ್ಣು ನೋಡಲು ಬಂದವರು ಎದ್ದು ಹೋದ ಮೇಲೆ, ಸ್ನೇಹಾ ಒಲ್ಲೆ ಅಂದಳು, ನೀನು ಕೈ ಎತ್ತಿದೆ. ಉಟ್ಟ ಹಸಿರು ಸೀರೆಯಲ್ಲೇ ಹೊರಟು ಹೋದಳು. ನೀಲಿ ಪೆಟ್ಟಿಗೆಯನ್ನಷ್ಟೇ ತೆಗೆದುಕೊಂಡು ಹೋಗಿದ್ದಳು. ಮೂರು ದಿನದ ಮೇಲೆ ಸಿಂಗಟಾಲೂರಿನ ಹೊಳೆಯ ದಂಡೆಯಲ್ಲಿ ಚಪ್ಪಲಿ ಸಿಕ್ಕವು. ಅಂದಿನಿಂದ ನೀನು ಆ ದಂಡೆ ಬಿಡಲಿಲ್ಲ. ಅಂಬಿಗರಿಗೆ ಕೈಮುಗಿದೆ, ಬಲೆ ಹಾಕಿಸಿದೆ, ಹೊಳೆಯ ಜೊತೆ ಮಾತಾಡತೊಡಗಿದೆ. ರೊಟ್ಟಿ ತಂದರೆ ನೀರಿಗೆ ಹಾಕುತ್ತಿದ್ದೆ. ನಿನ್ನ ನೂಲಿನ ಅಂಗಡಿಗೆ ಬೀಗ ಬಿತ್ತು. ಕೊಟ್ರೇಶ ಇನ್ನೂ ಕಾಲೇಜಿಗೆ ಹೋಗುತ್ತಿದ್ದ. ನೀನೂ ಉಳಿಯುವುದಿಲ್ಲವೆಂದು ಅನ್ನಪೂರ್ಣವ್ವ ನನ್ನ ಮುಂದೆ ಅತ್ತಳು.

ನಲವತ್ತೊಂದನೆಯ ದಿನ ಬಹಳ ಕೆಳಗೆ, ಆಚೆ ದಂಡೆಯಲ್ಲಿ ಒಂದು ಹೆಣ ಸಿಕ್ಕಿತು. ಗುರುತು ಹಿಡಿಯುವಂಥದ್ದು ಏನೂ ಉಳಿದಿರಲಿಲ್ಲ. ಹಸಿರು ಸೀರೆಯ ಒಂದು ತುಂಡು, ಅದರ ಗಂಟಿನಲ್ಲಿ ಒಂದು ಬೆಳ್ಳಿಯ ಹತ್ತು ರೂಪಾಯಿ. ಪೆಟ್ಟಿಗೆಯ ಮಾತು ನೀನು ಮೊದಲೇ ಹೇಳಿದ್ದರಿಂದ ಠಾಣೆಯವರು ನನ್ನನ್ನು ಕರೆಸಿದರು. ಈ ನಾಣ್ಯ ಆ ಪೆಟ್ಟಿಗೆಯದೋ ಅಲ್ಲವೋ, ನೀನು ಬಲ್ಲವನು, ಹೇಳು ಅಂದರು.

ನಾನು ಕಿಟಕಿಯ ಹತ್ತಿರ ಹೋಗಿ ನೋಡಿದೆ. ಕೆಸರಿನಿಂದ ಕಪ್ಪಾಗಿತ್ತು. ಕನ್ನಡಿಯಿದ್ದರೂ ಹೋಗಿರುತ್ತಿತ್ತು, ಅದರಿಂದ ಏನೂ ಹೇಳಲು ಬರುತ್ತಿರಲಿಲ್ಲ. ಆದರೆ ಅಂಚು ಸುಳ್ಳು ಹೇಳುವುದಿಲ್ಲ. ಆ ನಾಣ್ಯದ ಅಂಚು ದುಂಡಗಾಗಿತ್ತು. ಅಕ್ಷರಗಳು ಬಳಸಿದ ಸಾಬೂನಿನ ಹಾಗೆ ಕರಗಿದ್ದವು. ಕಪ್ಪಿನ ಕೆಳಗೆ ಸಾವಿರ ಸಣ್ಣ ಗೀರುಗಳು. ಬೂದಿ ಹಾಕಿ, ಹುಣಸೆಹಣ್ಣು ಹಾಕಿ ವರ್ಷವರ್ಷ ತಿಕ್ಕಿದ ಗೀರು. ಸಿಂಹದ ಕಾಲಿನ ಸಂದಿಯಲ್ಲಿ ಅಷ್ಟು ನೀರು ಹರಿದರೂ ಹೋಗದೆ ಉಳಿದ ಒಂದು ಸಾಸಿವೆಯಷ್ಟು ಕುಂಕುಮ. ಅದು ಯಾರದೋ ಮನೆಯ ಜಗುಲಿಯ ಮೇಲೆ ಮೂವತ್ತು ವರ್ಷ ಪೂಜೆ ಮಾಡಿಸಿಕೊಂಡ ಸಾದಾ ನಾಣ್ಯ. ಸ್ನೇಹಾ ತನ್ನ ಪೆಟ್ಟಿಗೆಯನ್ನು ತಾಯಿಗೂ ಮುಟ್ಟಗೊಡುತ್ತಿರಲಿಲ್ಲ. ನೋಡಿದ ಕೂಡಲೇ ತಿಳಿಯಿತು. ಎರಡನೇ ಸಲ ನೋಡುವ ಕಾರಣವೇ ಇರಲಿಲ್ಲ.

ಹೊರಳಿ ನೋಡಿದರೆ ನೀನು ಬಾಗಿಲಲ್ಲಿ ನಿಂತಿದ್ದೆ. ಅಂದು ನೀನು ಆಡಿದ ಮಾತು ನಿನಗೆ ನೆನಪಿದೆಯೋ ಇಲ್ಲವೋ.

"ಖಾಸಿಂ, ಹೂಂ ಅಂದಬಿಡು. ನನಗ ಮನಿಗೆ ಹೋಗಬೇಕಾಗೈತಿ," ಎಂದೆ.

ನಾನು ಹೂಂ ಅಂದೆ. ಪ್ರೂಫ್ ಐತ್ರಿ, ಅದೇ ಪೆಟ್ಟಿಗೀದು, ಅಂದೆ. ಬರೆದುಕೊಂಡರು, ಸಹಿ ಮಾಡಿದೆ. ಮರುದಿನ ಬೆಟಗೇರಿಗೆ ತಂದು ಮಣ್ಣು ಮಾಡಿದೆವು. ನಾನೂ ಹೆಗಲು ಕೊಟ್ಟೆ. ಅಂದು ಸಂಜೆ ನೀನು ನಲವತ್ತೆರಡು ದಿನದ ಮೇಲೆ ಮೊದಲ ಸಲ ಮನೆಯಲ್ಲಿ ಕುಳಿತು ಅನ್ನ ಉಂಡೆ. ನಿನ್ನ ಬಾಯಿಗೆ ತುತ್ತು ಹೋಗುವುದನ್ನು ನೋಡಿ, ನಾನು ಮಾಡಿದ್ದು ಸರಿಯೆಂದೇ ತಿಳಿದೆ. ಹುಡುಕುವುದು ಅಂದಿಗೆ ನಿಂತಿತು. ಇಷ್ಟು ವರ್ಷ ನೀವು ಆ ಸಮಾಧಿಗೆ ಎಡೆ ಇಟ್ಟಿದ್ದೀರಿ. ನೀವು ಮುಂಡರಗಿಗೆ ಹೋದ ಮೇಲೆ ನೀರು ಹಾಕಿ ಹುಲ್ಲು ಕೀಳುವವನು ನಾನು.

ಅಲ್ಲಿ ಮಲಗಿದವಳಿಗೂ ಒಂದು ಮನೆ ಇತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಪೇಪರಿನ ಒಳಪುಟದಲ್ಲಿ 'ಕಾಣೆಯಾಗಿದ್ದಾರೆ' ಎಂದು ಒಂದು ಸಣ್ಣ ಪ್ರಕಟಣೆ ಬಂದಿತ್ತು. ಹೊಳೆಯಾಚೆಯ ಹಳ್ಳಿಯವಳು, ಹೆಸರು ಗದಿಗೆವ್ವ, ವಯಸ್ಸು ಇಪ್ಪತ್ತೆಂಟು, ಹಸಿರು ಸೀರೆ. ತವರಿನಲ್ಲಿ ಉಡಿ ತುಂಬಿಸಿಕೊಂಡು ಗಂಡನ ಮನೆಗೆ ಹೊರಟವಳು ಮುಟ್ಟಲಿಲ್ಲ. ತಾಯಿ ಜಗುಲಿಯ ಮೇಲಿನ ಬೆಳ್ಳಿ ನಾಣ್ಯವನ್ನೇ ಉಡಿಗೆ ಹಾಕಿ ಕಳಿಸಿರಬೇಕು. ಅದು ನನ್ನ ಊಹೆ, ಪ್ರಕಟಣೆಯಲ್ಲಿ ಇಲ್ಲ. ಆ ಪ್ರಕಟಣೆಯನ್ನು ಕತ್ತರಿಸಿ ಇಟ್ಟುಕೊಂಡೆ. ಯಾರಿಗೂ ತೋರಿಸಲಿಲ್ಲ. ಈ ಮೂರು ನಾಣ್ಯಗಳು ಬಂದಾಗ, ಹೆಬ್ಬೆಟ್ಟು ಏಳುವ ತನಕ, ನನ್ನನ್ನು ಹುಡುಕಿಕೊಂಡು ಬಂದವಳು ಸ್ನೇಹಾ ಎಂದು ಒಪ್ಪಿಕೊಳ್ಳುವ ಧೈರ್ಯ ನನಗೆ ಬಂದಿರಲಿಲ್ಲ. ಗದಿಗೆವ್ವ ಬಂದಿದ್ದಾಳೆ ಎಂದುಕೊಂಡಿದ್ದೆ. ತನ್ನ ಹೆಸರು ಕೇಳಲು.

ಈಗ ಮಾಡಬೇಕಾದದ್ದು ಎರಡು. ಅಂದು ಕೊಟ್ಟ ಹೇಳಿಕೆ ಸುಳ್ಳೆಂದು ನಾನು ಠಾಣೆಗೆ ಹೋಗಿ ಬರೆದುಕೊಡುತ್ತೇನೆ. ಪ್ರಕಟಣೆಯ ತುಂಡನ್ನೂ ಕೊಡುತ್ತೇನೆ. ಆ ಹಳ್ಳಿಯಲ್ಲಿ ಅವಳ ತಾಯಿ ಇದ್ದರೆ ಈಗ ಎಂಬತ್ತರ ಹತ್ತಿರ ಇರಬೇಕು. ನನ್ನ ಸುಳ್ಳಿಗೆ ಏನು ಶಿಕ್ಷೆಯಾದರೂ ಆಗಲಿ. ರಸೂಲಬಿಗೆ ನಿನ್ನೆ ಇದನ್ನು ಹೇಳಿದೆ. ಅವಳು, "ಮೊದಲ ದೇವೇಂದ್ರಣ್ಣಗ ಹೇಳ್ರಿ," ಎಂದಳು.

ಎರಡನೆಯದು ನಿನ್ನ ಕೆಲಸ. ಬರುವ ಸಂತೆಗೆ ನಾನು ಅದೇ ಜಾಗದಲ್ಲಿ ಅರಿವೆ ಹಾಸುತ್ತೇನೆ. ನೀನು ಬಂದು ಪಕ್ಕದಲ್ಲಿ ಕೂಡು. ಕೊಟ್ರೇಶನನ್ನು ಕರೆತರಬೇಡ, ಗದ್ದಲ ಮಾಡುತ್ತಾನೆ. ಮಧ್ಯಾಹ್ನ ನಾನು ಎದ್ದು ಚಹಾಕ್ಕೆ ಹೋಗುತ್ತೇನೆ, ಬೇಗ ಬರುವುದಿಲ್ಲ. ಅವಳು ನಾನಿಲ್ಲದಾಗ ಬರುತ್ತಾಳೆ. ಪೆಟ್ಟಿಗೆಯಲ್ಲಿ ಇನ್ನೂ ನಾಣ್ಯಗಳಿವೆ. ಬಂದರೆ ಏನೂ ಕೇಳಬೇಡ. ಎಲ್ಲಿದ್ದೆ, ಯಾಕೆ ಹೋದೆ, ಯಾವುದನ್ನೂ ಕೇಳಬೇಡ. ಕುಂಡ್ರು ಅನ್ನು.

ಈ ಕಾಗದ ಓದಿ ನೀನು ಬರದೆಯೂ ಇರಬಹುದು. ಆಗಲೂ ನಾನು ಕುಳಿತಿರುತ್ತೇನೆ.

ಅನ್ನಪೂರ್ಣವ್ವನಿಗೆ ನೀನೇ ಹೇಳು. ಮೊದಲು ನೀರು ಕುಡಿಸಿ, ಕೂಡಿಸಿ ಹೇಳು. ಮಗು ಐಶ್ವರ್ಯಾಳಿಗೆ ನನ್ನ ದುವಾ. ಅವಳ ಓದು, ಆಯುಷ್ಯ ಎರಡೂ ಬೆಳೆಯಲಿ. ನಿನಗೆ ಆ ದೇವರು ಇದನ್ನು ತಡೆದುಕೊಳ್ಳುವ ಶಕ್ತಿ ಕೊಡಲಿ. ನನಗಾಗಿ ಏನೂ ಕೇಳಿಕೊಳ್ಳುವುದಿಲ್ಲ.

ನಿನ್ನ,
ಖಾಸಿಂಸಾಬ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನ್ನ ಸಲುವಾಗಿ ಸುಳ್ಳು ಹೇಳಿದೆ ಎಂದು ಮೇಲೆ ಬರೆದಿದ್ದೇನೆ. ಅದು ಅರ್ಧ ಮಾತು. ಮಣ್ಣು ಕೊಟ್ಟ ಹದಿನೆಂಟನೆಯ ದಿನ ಮಧ್ಯಾಹ್ನ ನನ್ನ ಅಂಗಡಿಗೆ ಫೋನ್ ಬಂತು. ಹಿಂದೆ ಬಸ್ ನಿಲ್ದಾಣದ ಸಪ್ಪಳ. "ಕಾಕಾ, ನಾ ಮಾತಾಡಾಕತ್ತೀನಿ. ಅಪ್ಪನ ಸಿಟ್ಟು ಇಳದೈತೇನ್ರಿ? ಮನಿಗೆ ಬರಲೇನ್ರಿ?" ಎಂದಳು. ದನಿ ಯಾರದೆಂದು ನನಗೆ ಒಂದು ಕ್ಷಣವೂ ಸಂಶಯ ಇರಲಿಲ್ಲ. ಠಾಣೆಯ ಕಾಗದದ ಮೇಲಿನ ನನ್ನ ಸಹಿ ಕಣ್ಣ ಮುಂದೆ ಬಂತು. ಊರವರೆಲ್ಲ ನೋಡುವಂತೆ ಹೆಗಲು ಕೊಟ್ಟದ್ದು ನೆನಪಾಯಿತು. ಹೆದರಿದೆ ದೇವೇಂದ್ರಾ, ನನ್ನ ಸಲುವಾಗಿ ಹೆದರಿದೆ. "ಸ್ನೇಹಾ ತೀರಿಕೊಂಡಾಳ. ನಾವ ಮಣ್ಣ ಕೊಟ್ಟೇವಿ," ಎಂದೆ. ಅವಳು ಫೋನ್ ಇಡಲಿಲ್ಲ. ಯಾವುದೋ ಬಸ್ಸಿನ ಹೆಸರು ಕೂಗಿದ್ದು ಕೇಳಿಸಿತು, ಆಮೇಲೆ ಇನ್ನೊಂದು. ನಾನೂ ಇಡಲಿಲ್ಲ. ಕೊನೆಗೆ, "ಆತು ಕಾಕಾ," ಎಂದಳು.